ಸರೋಜಕ್ಕ ಕೂಡಿಟ್ಟಿದ್ದ ಗುಂಡುಗಳು

ಸರೋಜಕ್ಕ ಒಂದೊಂದಾಗಿ ಕೂಡಿಟ್ಟಿದ್ದ ಗುಂಡುಗಳು ಮಣ್ಣುಪಾಲಾದದ್ದು ನನ್ನಿಂದ. ಇಲಿಯಾಸನಿಂದಲ್ಲ. ಇಷ್ಟು ವರ್ಷ ಆ ತಪ್ಪು ಅವನ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ನಾನು ಪಕ್ಕದಲ್ಲೇ ನಿಂತು, ಎಲ್ಲರ ಜೊತೆ ನಗುತ್ತ, ನಡೆಯಲಿ ಎಂದು ಬಿಟ್ಟಿದ್ದೇನೆ.

ಗಾಬರಿಯಾಗಬೇಡಿ. ಯಾರಿಗೂ ಗುಂಡು ತಗಲಲಿಲ್ಲ, ಪೊಲೀಸರು ಬರಲಿಲ್ಲ. ಆ ಗುಂಡುಗಳು ಇದ್ದದ್ದು ಟೀವಿಯೊಳಗೆ, ಒಂದು ಆಟದಲ್ಲಿ. ಇಷ್ಟಕ್ಕೇ ಇವನು ಇಷ್ಟು ಹೊತ್ತು ಬರೆಯಲು ಕೂತನೇ ಎಂದು ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಆ ದಿನಗಳನ್ನು ನೆನೆದರೆ ನನಗೂ ನಗುವೇ ಮೊದಲು ಬರುತ್ತದೆ. ಎರಡನೆಯದಾಗಿ ಬರುವುದು — ಅದನ್ನೇ ಹೇಳಬೇಕಾಗಿರುವುದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಕಾರಿಪುರದಲ್ಲಿ ನಾನೂ ಇಲಿಯಾಸನೂ ಸೇರಿ ಟೀವಿ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆವು. ಅವನು ಶಿಕಾರಿಪುರದವನೇ. ಅವನ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ನಾನು ಸೊರಬದವನು, ಕೆಲಸ ಕಲಿಯಲು ಬಂದವನು ಅಲ್ಲೇ ಪಾಲುದಾರನಾಗಿ ಉಳಿದೆ. ನಮ್ಮಿಬ್ಬರ ಊರಿಗೆ ನಡುವೆ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಮಾತಿನಲ್ಲಿ ಮಾತ್ರ ಅದಕ್ಕಿಂತ ಹೆಚ್ಚು. ಬಾಗಿಲಿಗೆ ಜಡಿಯುವುದನ್ನು ಅವನು ಕೀಲಿ ಎಂದರೆ ನಾನು ಬೀಗ ಎನ್ನುವೆ. ಯಾವುದು ಸರಿ ಎಂದು ಜಗಳವಾಡುವಷ್ಟರಲ್ಲಿ ಕಾಯಿಸಿದ ಸೋಲ್ಡರ್ ಕಡ್ಡಿ ಆರಿಹೋದದ್ದೂ ಉಂಟು.

ಸರೋಜಕ್ಕ ಸೊರಬದಲ್ಲಿ ರವಿಕೆ ಹೊಲಿಯುವವರು. ನಮ್ಮ ಮನೆಯ ಹಿಂದಿನ ಬೀದಿ. ಒಂದು ದಿನ ಬಟ್ಟೆಯ ಚೀಲದಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಅಂಗಡಿಗೆ ಬಂದರು. ಒಳಗಿದ್ದದ್ದು ಟೀವಿಗೆ ಜೋಡಿಸಿ ಆಡುವ ಒಂದು ಆಟದ ಯಂತ್ರ. ಮಸ್ಕತ್ತಿನಲ್ಲಿದ್ದ ಅವರ ಅಣ್ಣ ತನ್ನ ಮಕ್ಕಳಿಗೆಂದು ತಂದದ್ದು. ಮಕ್ಕಳು ಓದು ಬಿಟ್ಟು ಅದರ ಮುಂದೆ ಕೂತಾಗ ಸಿಟ್ಟಿಗೆದ್ದು ತಂಗಿಯ ಮನೆಯ ಟ್ರಂಕಿನಲ್ಲಿ ಇಟ್ಟು ಹೋಗಿದ್ದ. ಬರುವ ಯುಗಾದಿಗೆ ರಜೆಯಲ್ಲಿ ಬಂದು ಅದನ್ನು ಹೆಂಡತಿಯ ಊರಿಗೆ ಒಯ್ಯುವವನಿದ್ದ. ಯಂತ್ರದಲ್ಲಿ ಸೀಡಿ ತಿರುಗುವುದು ನಿಂತಿತ್ತು. ಸೊರಬದಲ್ಲಿ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಬಸ್ಸು ಹತ್ತಿ ನಮ್ಮಲ್ಲಿಗೆ ತಂದಿದ್ದರು.

"ಹುಡುಗ್ರು ಜೀವ ತಿಂತಾವೆ ನಾಗರಾಜ, ಹಬ್ಬದೊಳಗೆ ಆಗ್ಬೇಕು ಮಾರಾಯ," ಎಂದರು.

ಅದನ್ನು ಆಡುವ ಹುಡುಗರು ಯಾರೂ ಇರಲಿಲ್ಲ. ಅದು ನಮಗೆ ಗೊತ್ತಾದದ್ದು ಆಮೇಲೆ.

ಇಲಿಯಾಸ್ ಅದನ್ನು ಬಿಚ್ಚಿ, ಲೆನ್ಸ್ ಒರೆಸಿ, ಅದು ಜಾರುವ ಹಳಿಗೆ ಒಂದು ತೊಟ್ಟು ಎಣ್ಣೆ ಹಾಕಿದ. ವಾರ ಕಳೆಯುವ ಮೊದಲೇ ಯಂತ್ರ ಸರಿಹೋಯಿತು. ಸರಿಹೋಗಿದೆಯೋ ಇಲ್ಲವೋ ಎಂದು ನೋಡಲು ಒಳಗಿದ್ದ ಸೀಡಿಯನ್ನೇ ಹಾಕಿದೆವು. ಅಲ್ಲಿಂದ ಶುರುವಾಯಿತು.

ಆ ಆಟದ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಸೀಡಿಯ ಮೇಲೆ ಯಾರೋ ಪೆನ್ನಿನಲ್ಲಿ ಬರೆದದ್ದು ಅಳಿಸಿಹೋಗಿತ್ತು. ಕಥೆ ಇಷ್ಟು: ಸಮುದ್ರದ ದಂಡೆಯಲ್ಲಿ ಒಂದು ದೊಡ್ಡ ಹೋಟೆಲು, ಮುಚ್ಚಿ ಬಹಳ ಕಾಲವಾಗಿದೆ. ಒಬ್ಬ ಹೆಂಗಸು ಕಾಣೆಯಾದ ತನ್ನ ತಂಗಿಯನ್ನು ಹುಡುಕುತ್ತ ಅಲ್ಲಿಗೆ ಬರುತ್ತಾಳೆ. ಒಳಗೆ ಹಳೆಯ ಅತಿಥಿಗಳು ಇನ್ನೂ ಓಡಾಡುತ್ತಿದ್ದಾರೆ, ಆದರೆ ಅವರು ಬದುಕಿದವರಲ್ಲ. ಬಟ್ಟೆಯೆಲ್ಲ ತೊಯ್ದು ತೊಪ್ಪೆ. ನಾವು ಅವರಿಗೆ 'ನೆನೆದವರು' ಎಂದು ಹೆಸರಿಟ್ಟೆವು. ಇಲಿಯಾಸ್ ಮೊದಲ ಸಲ ಒಬ್ಬನನ್ನು ಕಂಡಾಗ, ಪಾಪ ಟವಲ್ಲಾದ್ರೂ ಕೊಡ್ರಲೇ ಅವನಿಗೆ ಎಂದ. ಮರುಕ್ಷಣವೇ ಆ ನೆನೆದವನು ಹತ್ತಿರ ಬಂದಾಗ ಕೈಯಲ್ಲಿದ್ದ ಆಟದ ರಿಮೋಟನ್ನು ನನ್ನ ಮಡಿಲಿಗೆ ಎಸೆದು ಸ್ಟೂಲಿನ ಮೇಲೆ ಹತ್ತಿ ನಿಂತ.

ಎಷ್ಟೋ ಆಟಗಳು ಬಂದು ಹೋದವು, ಇದೊಂದೇ ಯಾಕೆ ಮನಸ್ಸಿನಲ್ಲಿ ಉಳಿಯಿತು ಎಂದು ಯೋಚಿಸಿದ್ದೇನೆ. ದೆವ್ವಗಳಿಂದಲ್ಲ. ಆ ಆಟದಲ್ಲಿ ನೋಡುವ ಕಣ್ಣು ನಮ್ಮದಾಗಿರಲಿಲ್ಲ. ಪ್ರತಿ ಕೋಣೆಯನ್ನೂ ಮೂಲೆಯ ಜಂತಿಯಿಂದ ಯಾರೋ ನೋಡಿದಂತೆ ತೋರಿಸುತ್ತಿತ್ತು. ತಿರುವಿನ ಆಚೆ ಏನಿದೆಯೋ ಕಾಣದು — ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸುತ್ತಿತ್ತು. ನೆಲ ನೋಡಬೇಕು. ಒದ್ದೆ ಹೆಜ್ಜೆ ಇದ್ದರೆ ಅವನು ಈಗಷ್ಟೇ ಹೋಗಿದ್ದಾನೆ, ಅಂಚು ಒಣಗಿದ್ದರೆ ಸ್ವಲ್ಪ ಹೊತ್ತಾಗಿದೆ. ಎಲ್ಲಕ್ಕಿಂತ ಮುಖ್ಯ, ಗುಂಡುಗಳು ತೀರಾ ಕಡಿಮೆ. ಬೇರೆ ಆಟಗಳಲ್ಲಿ ಗುಂಡು ಮಂಡಕ್ಕಿಯ ಹಾಗೆ, ಎರಚಿದರೂ ಮುಗಿಯದು. ಇಲ್ಲಿ ಒಂದು ಗುಂಡು ಸಿಕ್ಕರೆ ಮದುವೆ ಮನೆಯಲ್ಲಿ ಕಳೆದ ಓಲೆ ಸಿಕ್ಕಿದಷ್ಟು ಸಂತೋಷ. ಹೊಡೆಯುವುದಕ್ಕಿಂತ ಹೊಡೆಯದೆ ಇರುವುದನ್ನು ಕಲಿಸಿದ ಆಟ ಅದು. ಹೆದರಿಕೆಯಾಗುತ್ತಿದ್ದದ್ದು ನೆನೆದವರನ್ನು ಕಂಡು ಅಲ್ಲ, ಚೀಲ ಖಾಲಿಯಾಗುವುದನ್ನು ಕಂಡು.

ನಡುನಡುವೆ ದೀಪದ ಕೋಣೆಗಳಿದ್ದವು. ಒಂದು ಮೇಜು, ಒಂದು ಎಣ್ಣೆಯ ದೀಪ, ಒಂದು ಪೆಟ್ಟಿಗೆ. ಅಲ್ಲಿಗೆ ಯಾರೂ ಬರುವುದಿಲ್ಲ. ದೀಪದ ಎದುರು ನಿಂತು ಗುಂಡಿ ಒತ್ತಿದರೆ ಪರದೆಯ ತುಂಬ ಆ ದೀಪವೇ. ಬತ್ತಿ ಏರಿಸಿದರೆ ಅಲ್ಲಿಯವರೆಗಿನ ಆಟ ಯಂತ್ರಕ್ಕೆ ಸಿಕ್ಕಿಸಿದ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ. ಆರಿಸಿದರೆ ಏನೂ ಉಳಿಯದೆ ಆಟ ನಿಲ್ಲುತ್ತದೆ. ಕಾರ್ಡಿನಲ್ಲಿ ಇಂಥ ಒಂದೇ ಆಟಕ್ಕೆ ಜಾಗ. ಹೊಸದು ಕೂತರೆ ಹಳೆಯದು ಹೋಯಿತು.

ಕಾರ್ಡಿನಲ್ಲಿ ಆಗಲೇ ಒಂದು ಆಟವಿತ್ತು. ಯಾರೋ ಬಹಳ ದೂರ ಬಂದಿದ್ದರು. ಆ ಪೆಟ್ಟಿಗೆ ತೆರೆದು ನಾವಿಬ್ಬರೂ ಪರದೆಯ ಹತ್ತಿರಕ್ಕೆ ಬಗ್ಗಿದೆವು. ಔಷಧಿಯ ಸೀಸೆಗಳೆಲ್ಲ ಒಂದು ಸಾಲು, ಬೀಗದ ಕೈಗಳು ಒಂದು ಸಾಲು, ಗುಂಡುಗಳು — ಅಷ್ಟು ಗುಂಡುಗಳನ್ನು ನಾವು ಆ ಆಟದಲ್ಲಿ ಕಂಡೇ ಇರಲಿಲ್ಲ — ಕೆಳಗೆ ಒಪ್ಪವಾಗಿ. ಗುಂಡಿ, ದಾರ, ಸೂಜಿ ಬೇರೆ ಬೇರೆ ಇಟ್ಟ ಹೊಲಿಗೆಯ ಡಬ್ಬದಂತೆ.

"ಇದು ಹುಡುಗ್ರ ಕೆಲಸ ಅಲ್ಲ ಬಿಡಲೇ," ಎಂದ ಇಲಿಯಾಸ್. "ಹುಡುಗ್ರಾಗಿದ್ರೆ ಕುರ್ಚಿಗೂ ಗುಂಡು ಹೊಡೀತಿದ್ವು."

ನಾವೊಂದು ನೇಮ ಮಾಡಿಕೊಂಡೆವು. ಊಟದ ಹೊತ್ತಿಗೆ ಶಟರ್ ಅರ್ಧ ಎಳೆದು, ಆ ಪೆಟ್ಟಿಗೆಯಿಂದಲೇ ಶುರುಮಾಡಿ ಆಡುವುದು, ಆಮೇಲೆ ನೇರ ಸ್ವಿಚ್ ತೆಗೆಯುವುದು. ದೀಪದ ತಂಟೆಗೆ ಹೋಗುವುದೇ ಬೇಡ. ಹಾಗೆ ಮಾಡಿದರೆ ಅವರ ಆಟ ಅವರು ಬಿಟ್ಟಲ್ಲೇ ಇರುತ್ತದೆ. ಪಕ್ಕದ ಮನೆಯವರ ಪುಸ್ತಕ ಓದಿ ಗುರುತಿನ ದಾರ ಅಲುಗಿಸದೆ ಇಟ್ಟ ಹಾಗೆ — ಎಂದು ನಾವೇ ಹೇಳಿಕೊಂಡೆವು. ಊಟದ ಡಬ್ಬಿಗಳು ತೆರೆಯದೆ ಮನೆಗೆ ವಾಪಸು ಹೋಗತೊಡಗಿದವು. ಇಲಿಯಾಸನ ತಾಯಿ ಮಗನಿಗೆ ಏನೋ ಆಗಿದೆ ಎಂದು ದಾರ ಕಟ್ಟಿಸಿದರು.

ಸರೋಜಕ್ಕ ಬಂದು ಕೇಳಿದಾಗ ನಾನು ಹೇಳಿದೆ: ಪಾರ್ಟ್ಸ್ ಬಂದಿಲ್ಲ. ಹುಬ್ಬಳ್ಳಿಯಿಂದ ಬರಬೇಕು. ರಿಪೇರಿ ಅಂಗಡಿಯವರಿಗೆ ಈ ಮಾತು ಉಸಿರಿನಷ್ಟು ಸಲೀಸು. ಮುಂದಿನ ವಾರ ಬಂದರು, ಮತ್ತೆ ಹೇಳಿದೆ. ಅದರ ಮುಂದಿನ ವಾರ ನಾನು ಹೇಳುವ ಮೊದಲೇ ಅವರೇ, ಪಾರ್ಟ್ಸ್ ಬಂದಿಲ್ಲ ಅಲ್ದಾ, ಎಂದು ನಕ್ಕರು. ಮೆಟ್ಟಿಲಿಳಿದವರು ತಿರುಗಿ ನಿಂತರು.

"ಆ ಕಾರ್ಡಲ್ಲಿರೋದು ಹಂಗೇ ಇರ್ಲಿ ಮಾರಾಯ. ಅವ್ಳು ದೀಪದ ಕೋಣೇಲಿ ಇದಾಳೆ."

ಅವಳು — ಎಂದರು. ಹುಡುಗರು ಆಡುತ್ತಾರೆ ಎಂದು ಬಂದವರು. ಹೇಳಿದ ಮೇಲೆ ಅವರಿಗೇ ತಿಳಿಯಿತು, ನಾಚಿಕೆಯಾಯಿತು. ಆಮೇಲೆ ಸಣ್ಣ ದನಿಯಲ್ಲಿ, ಆ ತಂಗಿ ಸಿಗ್ತಾಳೋ ಇಲ್ವೋ ಅಷ್ಟು ಗೊತ್ತಾದ್ರೆ ಸಾಕು, ಅಣ್ಣ ಬಂದ್ರೆ ಒಯ್ದೇಬಿಡ್ತಾನೆ, ಎಂದರು. ಇಡೀ ದಿನ ಮಿಶನ್ನು ತುಳಿದು, ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ, ಒಂದು ಹೋಟೆಲಿನ ಕಾರಿಡಾರಿನಲ್ಲಿ ಒದ್ದೆ ಹೆಜ್ಜೆ ನೋಡುತ್ತ ನಡೆಯುತ್ತಿದ್ದ ಹೆಂಗಸು ಇವರೇ. ಯಾರ ಅಳತೆಗೂ ಹೊಲಿಯದೆ ತನಗೇ ಎಂದು ಅವರು ಮಾಡಿಕೊಂಡಿದ್ದ ಕೆಲಸ ಅದೊಂದೇ ಇರಬೇಕು. ಇದು ನನಗೆ ಆ ದಿನ ಗೊತ್ತಾಯಿತು. ಗೊತ್ತಾದ ಮೇಲೆಯೇ ನಾನು ಮುಂದಿನದನ್ನು ಮಾಡಿದ್ದು. ಇದನ್ನು ನಾನು ಮರೆಮಾಚಿ ಹೇಳಬಾರದು.

ಅವರು ಹೋದ ಮೇಲೆ ಇಲಿಯಾಸ್ ಗಟ್ಟಿಯಾಗಿ ಹೇಳಿಬಿಟ್ಟ, ಸಾಕು ನಾಗ, ನಾಳೆ ಕೊಟ್ಟುಬಿಡೋಣ, ಹಬ್ಬ ಹತ್ರ ಬಂತು. ನಾಳೆ ಬಂದು ಒಯ್ಯಲಿ ಎಂದು ಅವರ ಪಕ್ಕದ ಮನೆಗೆ ಫೋನ್ ಮಾಡಿಯೂ ಆಯಿತು. ಅದೊಂದು ಮಧ್ಯಾಹ್ನ ಮಾತ್ರ ನಮಗೆ ಉಳಿದಿತ್ತು. ಕೊನೆಯ ಸಲ ಎಂದು ನಾವು ಸರೋಜಕ್ಕನ ಗುಂಡುಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದುಕೊಂಡು ಹೊರಟೆವು. ಹೇಗೂ ಸ್ವಿಚ್ ತೆಗೆದರೆ ಎಲ್ಲ ಮೊದಲಿನಂತೆ ಆಗುತ್ತದಲ್ಲ — ಆ ಧೈರ್ಯ. ಮಂಡಕ್ಕಿಯ ಹಾಗೆ ಎರಚಿದೆವು. ಅಡುಗೆಮನೆಯಲ್ಲಿ ನೆನೆದ ಅಡುಗೆಭಟ್ಟನೊಬ್ಬನಿಗೆ ಇಲಿಯಾಸ್, ಸಾಂಬಾರಿಗೆ ಉಪ್ಪು ಕಡಿಮೆ ಆತು ನೋಡು ಎನ್ನುತ್ತ ಗುಂಡು ಹೊಡೆದ. ನಾನು ನಕ್ಕು ನಕ್ಕು ಸ್ಪೀಕರಿನ ಮೇಲೆ ಬಿದ್ದೆ. ಅಷ್ಟು ಸಂತೋಷದ ಮಧ್ಯಾಹ್ನ ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ. ಕೊನೆಗೆ, ನಾವು ಎಂದೂ ನೋಡಿರದ ಒಂದು ದೀಪದ ಕೋಣೆಗೆ ಬಂದೆವು. ಅದರಾಚೆಯ ಕಾರಿಡಾರಿನ ತುದಿಯಲ್ಲಿ ಒಂದೇ ಬಾಗಿಲು, ದೊಡ್ಡದು. ಆಟದ ಕೊನೆಯ ಬಾಗಿಲು.

ನಮ್ಮ ನೇಮ ಮರೆತು ಇಲಿಯಾಸ್ ದೀಪದ ಎದುರು ಗುಂಡಿ ಒತ್ತಿದ. ಪರದೆಯ ತುಂಬ ದೀಪ ಬಂತು. ಅದೇ ಹೊತ್ತಿಗೆ ಶಟರ್ ಮೇಲೆ ಯಾರೋ ಬಡಿದರು. ಟೇಪ್ ರೆಕಾರ್ಡರ್ ಒಯ್ಯಲು ಈಸೂರಿನಿಂದ ಬಂದಿದ್ದ ಹಿರಿಯರು. ಬಾಗಿಲು ತೆಗೀರೋ, ಬಸ್ ಹೊಂಡ್ತದೆ, ಎಂದು ಕೂಗುತ್ತಿದ್ದರು.

"ಏನ್ ಮಾಡ್ಲೇ ನಾಗ?" ಎಂದ ಇಲಿಯಾಸ್. ರಿಮೋಟು ಅವನ ಕೈಯಲ್ಲಿತ್ತು. ನನಗೆ ಆ ಬಾಗಿಲು ಬೇಕಾಗಿತ್ತು. ಇಲ್ಲಿ ಉಳಿಸಿಕೊಂಡರೆ ನಾಳೆ ಅವರು ಬರುವ ಮೊದಲು ಬೆಳಿಗ್ಗೆ ಒಂದು ಸಲ ಕೂತು ಅದನ್ನು ತೆರೆಯಬಹುದು ಎಂಬ ಯೋಚನೆ ನನ್ನ ತಲೆಯಲ್ಲಿತ್ತು. ಅದು ಇತ್ತು.

ನಾನು ಹೇಳಿದೆ: "ದೀಪ ದೊಡ್ಡದು ಮಾಡು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ದೀಪ ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಶುಭ. ಆರಿಸಬೇಕಾದಾಗ ದೀಪ ದೊಡ್ಡದು ಮಾಡು ಎನ್ನುತ್ತೇವೆ. ಅಂಗಡಿ ಮುಚ್ಚು ಎನ್ನದೆ ಅಂಗಡಿ ಕಟ್ಟು ಎಂದ ಹಾಗೆ. ನನ್ನ ತಾಯಿಯ ಮಾತಿನಲ್ಲಿ ನಾನು ಹೇಳಿದ್ದು ಆರಿಸು ಎಂದು. ಇಲಿಯಾಸನ ಮನೆಯಲ್ಲಿ ಆ ಮಾತಿಗೆ ಆ ಅರ್ಥವಿಲ್ಲ. ಅವನು ಕೇಳಿಸಿಕೊಂಡದ್ದನ್ನೇ ಮಾಡಿದ. ಬತ್ತಿ ಮೇಲೆ ಬಂತು, ಜ್ವಾಲೆ ದೊಡ್ಡದಾಯಿತು. ಖಾಲಿ ಚೀಲ ಹಿಡಿದ ಹೆಂಗಸು ಕಾರ್ಡಿನಲ್ಲಿ ಕೂತಳು. ಸರೋಜಕ್ಕನ ಪೆಟ್ಟಿಗೆ ಅಳಿಯಿತು.

ಇಷ್ಟೇ ಆಗಿದ್ದರೆ ಇದು ಎರಡು ಊರಿನ ಮಾತಿನ ತಮಾಷೆ. ಹಾಗೆಂದೇ ನಾನು ನನಗೆ ಬಹಳ ವರ್ಷ ಹೇಳಿಕೊಂಡಿದ್ದೇನೆ. ಆದರೆ ಅದರ ಹಿಂದಿನ ದೀಪಾವಳಿಯಲ್ಲಿ, ಅಂಗಡಿಯ ಪೂಜೆ ಮುಗಿಸಿ ಹೊರಡುವಾಗ, ನಾನು ಇಲಿಯಾಸನಿಗೆ ಇದೇ ಮಾತು ಹೇಳಿದ್ದೆ. ಅವನು ಪಾಪ ಬತ್ತಿ ಮೇಲೆಳೆದು, ಎಣ್ಣೆಯನ್ನೂ ಸುರಿದು, ಸಾಕಾ ಇನ್ನೂ ಬೇಕಾ ಎಂದು ಕೇಳಿದ್ದ. ಹೊಟ್ಟೆ ಹಿಡಿದು ನಕ್ಕಿದ್ದೆವು. ಅವನು ಅದನ್ನು ಮರೆತಿದ್ದ. ನಾನು ಮರೆತಿರಲಿಲ್ಲ. ಶಟರ್ ಬಡಿಯುತ್ತಿದ್ದಾಗಲೂ ಮರೆತಿರಲಿಲ್ಲ. ಸ್ವಿಚ್ ತೆಗಿ ಎನ್ನಬಹುದಾಗಿತ್ತು, ದಿನವೂ ಅನ್ನುತ್ತಿದ್ದದ್ದು ಅದನ್ನೇ. ಎರಡು ಅರ್ಥವಿದ್ದ ಮಾತನ್ನು ನಾನು ಹುಡುಕಿ ತೆಗೆದೆ — ಅವನ ಕೈ ಮಾಡಲಿ, ನನ್ನ ಬಾಯಿ ಹೇಳಿಲ್ಲ ಎಂದಾಗಲಿ, ಎಂದು.

ಮರುದಿನ ಸರೋಜಕ್ಕ ಮೊದಲ ಬಸ್ಸಿಗೇ ಬಂದುಬಿಟ್ಟರು. ಆ ಬಾಗಿಲು ತೆರೆಯಲು ನನಗೆ ಆಗಲೇ ಇಲ್ಲ. ಯಂತ್ರ ಒಯ್ದವರು ಮಾರನೆಯ ದಿನವೇ ಅದೇ ಚೀಲದೊಂದಿಗೆ ವಾಪಸು ಬಂದರು. ಸಿಟ್ಟಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

"ಗುಂಡು ಒಂದೂ ಇಲ್ಲ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಇಲಿಯಾಸ್ ಎದ್ದು ನಿಂತ. "ತಪ್ಪು ನಂದು ಅಕ್ಕಾರೆ. ಆಡಿದ್ವಿ. ಗಡಿಬಿಡ್ಯಾಗ ನಾನೇ ದೀಪ ದೊಡ್ಡದು ಮಾಡ್ಬಿಟ್ಟೆ."

ಸರೋಜಕ್ಕ ಸೊರಬದವರು. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ದೊಡ್ಡದು ಮಾಡಿದ್ರೆ ಏನೂ ಆಗ್ಬಾರ್ದಿತ್ತಲ್ಲ ಮಾರಾಯ?"

"ದೊಡ್ಡದು ಮಾಡಿದ್ದಕ್ಕೇ ಆಗಿದ್ದು ಅಕ್ಕಾರೆ."

"ಆರಿಸಿದ್ಯೋ, ಏರಿಸಿದ್ಯೋ?"

"ದೊಡ್ಡದು ಮಾಡಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆ ಗಂಟನ್ನು ಬಿಡಿಸಬಲ್ಲವನು ಆ ಅಂಗಡಿಯಲ್ಲಿ ಒಬ್ಬನೇ ಇದ್ದ. ಬಿಡಿಸಿದರೆ, ಹಾಗೆಂದು ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನಾನು ಸ್ಕ್ರೂಡ್ರೈವರ್ ಹುಡುಕಲು ಬಗ್ಗಿದೆ. ಸರೋಜಕ್ಕನೇ ಮೊದಲು ನಕ್ಕದ್ದು. ಹೋಗ್ಲಿ ಬಿಡು ಇಲಿಯಾಸ್, ನಿನ್ನ ಕನ್ನಡಕ್ಕೆ ಬೆಂಕಿ ಹಾಕ, ಎಂದರು. ಅವನೂ ನಕ್ಕ. ನಾನೂ ನಕ್ಕೆ.

ಆಮೇಲೆ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು, ಯಂತ್ರ ಜೋಡಿಸಿ ಎಂದರು. ಮನೆಯಲ್ಲಿ ಆಗಲೇ ನೆಂಟರು ಬರತೊಡಗಿದ್ದರು. ಹಬ್ಬಕ್ಕೆ ಮುಂಚೆ ಅವರಿಗೆ ಉಳಿದದ್ದು ಆ ಒಂದು ಮಧ್ಯಾಹ್ನ. ನಾನು ಶಟರ್ ಎಳೆದೆ. ಅವರ ಕೈ ಚಳಕ ಆ ದಿನ ಕಂಡೆವು. ದೀಪದ ಕೋಣೆಯಿಂದ ದೊಡ್ಡ ಬಾಗಿಲಿನವರೆಗಿನ ಕಾರಿಡಾರಿನಲ್ಲಿ ನೆನೆದವರು ಸಾಲುಸಾಲಾಗಿ ಇದ್ದರು. ಒಂದೂ ಗುಂಡಿಲ್ಲದೆ, ಓಡದೆ, ನೆಲವನ್ನೇ ನೋಡುತ್ತ, ಹೆಜ್ಜೆಯ ಅಂಚು ಒಣಗುವವರೆಗೆ ಕಾದು, ಸೆರಗು ಯಾರಿಗೂ ತಾಗದಂತೆ ಸಂತೆಯಲ್ಲಿ ನುಸುಳಿದ ಹಾಗೆ ಅವರೆಲ್ಲರನ್ನೂ ದಾಟಿಬಿಟ್ಟರು. ಇಲಿಯಾಸ್ ನನ್ನ ಬೆನ್ನ ಹಿಂದೆ ಅಡಗಿ ನೋಡುತ್ತಿದ್ದ. ಸರೋಜಕ್ಕ ಮಾತ್ರ, ಗುಂಡು ಇದ್ದಾಗ ಭಯ ಜಾಸ್ತಿ ಇತ್ತು ಕಣೋ, ಈಗ ಆರಾಮ, ಎನ್ನುತ್ತಿದ್ದರು.

ದೊಡ್ಡ ಬಾಗಿಲು ತೆರೆಯಿತು. ಒಳಗೆ ಹೋಟೆಲಿನ ಯಜಮಾನ. ಅವನ ಹಿಂದೆ, ಗಾಜಿನ ಆಚೆ, ಬೆನ್ನು ತಿರುಗಿಸಿ ನಿಂತ ಒಬ್ಬ ಹುಡುಗಿ. ಕೋಣೆ ಕಿರಿದು, ದಾಟಲು ಜಾಗವಿಲ್ಲ. ಗುಂಡು ಬೇಕೇ ಬೇಕು. ಅವರು ಮತ್ತೆ ಮತ್ತೆ ಪ್ರಯತ್ನಿಸಿದರು, ಪ್ರತಿ ಸಲವೂ ಅವನ ಕೈಗೆ ಸಿಕ್ಕಿದರು. ಬಸ್ಸಿನ ಹೊತ್ತಾಯಿತು. ರಿಮೋಟನ್ನು ಮೆಲ್ಲನೆ ಕೆಳಗಿಟ್ಟರು.

"ಹೆರಳು ಕಾಣ್ತು, ಸಾಕು," ಎಂದರು. "ಅವ್ಳೇ ಇರ್ಬೇಕು."

ಇರಬೇಕು. ಅವರಿಗೆ ತಿಳಿದದ್ದು ಅಷ್ಟೇ. ಅಣ್ಣ ಬಂದ, ಯಂತ್ರ ಹೋಯಿತು. ಆ ಹುಡುಗಿ ತಿರುಗಿ ನೋಡಿದಳೋ ಇಲ್ಲವೋ ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದ ಆಟವನ್ನು ಎಲ್ಲಿ ಹುಡುಕುವುದು?

ಅಂದಿನಿಂದ ಪ್ರತಿ ರಂಜಾನಿಗೆ ಇಲಿಯಾಸ್ ಸರೋಜಕ್ಕನ ಮನೆಗೆ ಸುರಕುಂಬ, ಹಬ್ಬದ ಶ್ಯಾವಿಗೆ ಪಾಯಸ, ಒಯ್ಯುತ್ತಾನೆ. ಗುಂಡು ತಿಂದವನು ಬಂದೀನಿ ಅಕ್ಕಾರೆ, ಎಂದು ಬಾಗಿಲಲ್ಲಿ ಕೂಗುತ್ತಾನೆ. ಅವನ ಹೆಣ್ಣುಮಕ್ಕಳ ಮದುವೆಯ ರವಿಕೆಗಳನ್ನೆಲ್ಲ ಹೊಲಿದವರು ಅವರೇ. ನಾನು ಅಂಗಡಿ ಬಿಟ್ಟು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದೆ. ಆದರೂ ಆ ದಿನ ನನ್ನನ್ನು ಕರೆದೊಯ್ಯುತ್ತಾನೆ. ಈ ಸಲ ಅವನ ಮೊಮ್ಮಗಳು ಜೊತೆಗಿದ್ದಳು. ಕಥೆಯನ್ನೆಲ್ಲ ಕೇಳಿದವಳು ಅವನನ್ನು ಕೇಳಿದಳು, ಅಜ್ಜಾ, ನೀನ್ಯಾಕ ಹಂಗ ಮಾಡ್ದಿ? ಇಲಿಯಾಸ್ ಬಟ್ಟಲಲ್ಲಿ ಚಮಚ ತಿರುಗಿಸುತ್ತ ನಿಜವಾಗಿಯೇ ಯೋಚಿಸಿದ. "ಗೊತ್ತಿಲ್ಲವ್ವ. ಯಾಕೆ ಮಾಡ್ದೆ ಅಂತ ನನಗೂ ಹೊಳೀವಲ್ದು," ಎಂದ.

ನಾನು ಶ್ಯಾವಿಗೆಯ ಬಟ್ಟಲು ಕೆಳಗಿಟ್ಟೆ. ಹಾಗೆ ಮಾಡು ಎಂದವನು ನಾನು ಎಂಬುದೇ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಇಷ್ಟು ಕಾಲ ಅವನು ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದ್ದ ಎಂದು — ನಾನು ಅಂದುಕೊಂಡೇ ಇರಲಿಲ್ಲ.

ಮರುವಾರ ಒಬ್ಬನೇ ಸೊರಬಕ್ಕೆ ಹೋಗಿ ಸರೋಜಕ್ಕನಿಗೆ ಎಲ್ಲವನ್ನೂ ಹೇಳಿದೆ. ಮಾತಿನ ಎರಡು ಅರ್ಥ, ದೀಪಾವಳಿ, ಆ ಬಾಗಿಲಿನ ಆಸೆ. ಅವರು ಗುಂಡಿ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಲಿಲ್ಲ. ಎಲ್ಲ ಕೇಳಿ, ಹಲ್ಲಿನಿಂದ ದಾರ ಕಡಿದು, ಒಂದೇ ಕೇಳಿದರು.

"ಇಲಿಯಾಸಂಗೆ ಹೇಳಿದ್ಯಾ?"

ಇಲ್ಲ ಎಂದೆ.

"ಮತ್ತೆ ನನ್ನತ್ರ ಯಾಕ್ ಮೊದ್ಲು ಬಂದೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅವರು ಕ್ಷಮಿಸುತ್ತಾರೆಂದು ಬಂದಿದ್ದೆ. ಸುಲಭದ ಬಾಗಿಲು ಮೊದಲು ತಟ್ಟಿದ್ದೆ.

ನಾಳೆ ಬೆಳಿಗ್ಗೆ ಇಲಿಯಾಸ್ ಅಂಗಡಿ ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಅವನು ನಗುತ್ತಾನೆ, ಅದು ನನಗೆ ಗೊತ್ತು. ಅರ್ಧ ಹೇಳುವಷ್ಟರಲ್ಲಿ ನಕ್ಕು ಬೆನ್ನಿಗೊಂದು ಗುದ್ದಿ ಚಹಾಕ್ಕೆ ಹೇಳಿಬಿಡುತ್ತಾನೆ. ಅವನು ನಗುವ ಮೊದಲು ಪೂರ್ತಿ ಹೇಳಿ ಮುಗಿಸಬೇಕು. ನಗು ಮೊದಲು ಬಂದರೆ ನಾನು ಅದನ್ನೇ ಕ್ಷಮೆ ಎಂದು ತೆಗೆದುಕೊಂಡು ಮನೆಗೆ ಬಂದುಬಿಡುತ್ತೇನೆ.